ಕೋಟಿ ಕೋಟಿಯ ನೋಟು: ಜರ್ಮನಿ, 1923

ಪೋಸ್ಟ್ 1/7: ಕೆಂಪು ಇಂಕು

ಫೋಟೋ ಝೂಮ್ ಮಾಡಿ ನೋಡಿ. ನೋಟಿನ ಮೇಲೆ 1000 ಅಂತಿದೆ. ಒಂದು ಸಾವಿರ ಜರ್ಮನ್ ಮಾರ್ಕ್. ತಾರೀಖು 15 ಡಿಸೆಂಬರ್ 1922. ಆದ್ರೆ ಅದರ ಮೇಲೆಯೇ ಕೆಂಪು ಇಂಕಿನಲ್ಲಿ ಇನ್ನೊಂದು ಸಾಲು ಒತ್ತಿದ್ದಾರೆ: 'ಐನೆ ಮಿಲಿಯಾರ್ಡೆ ಮಾರ್ಕ್'. ಅಂದ್ರೆ ನೂರು ಕೋಟಿ ಮಾರ್ಕ್.

1923ರ ಸೆಪ್ಟೆಂಬರ್ ಹೊತ್ತಿಗೆ ಸಾವಿರದ ನೋಟು ಯಾವ ಕೆಲಸಕ್ಕೂ ಬಾರದಂತಾಗಿತ್ತು. ಹೊಸದಾಗಿ ಡಿಸೈನ್ ಮಾಡ್ತಾ ಕೂರೋಕೆ ಟೈಮ್ ಇರಲಿಲ್ಲ. ಹಾಗಾಗಿ ಅದೇ ಕಾಗದ, ಅದೇ ಚಿತ್ರ, ಮೇಲೊಂದು ಕೆಂಪು ಸಾಲು. ಒಂಬತ್ತು ತಿಂಗಳಲ್ಲಿ ಒಂದು ಕಾಗದದ ಬೆಲೆ ಹತ್ತು ಲಕ್ಷ ಪಟ್ಟು ಹೆಚ್ಚಾಯ್ತು, ಬರೀ ಇಂಕಿನಿಂದ.

ನಮ್ಮ ಕ್ಲಾಸಿನಲ್ಲಿ ಯಾರೋ ಒಬ್ಬರು ಪ್ರತಿ ವರ್ಷ ಕೇಳೋ ಪ್ರಶ್ನೆ ಗೊತ್ತಲ್ಲ? "ಸರ್ಕಾರವೇ ನೋಟು ಪ್ರಿಂಟ್ ಮಾಡೋದು ತಾನೇ? ಎಲ್ಲರಿಗೂ ಒಂದೊಂದು ಕೋಟಿ ಕೊಟ್ಟುಬಿಟ್ಟರೆ ಬಡತನ ಹೋಗಲ್ವಾ?" ಕೇಳಿದವರನ್ನು ಎಲ್ಲರೂ ಸೇರಿ ನಗ್ತೀವಿ. ಆದ್ರೆ ಉತ್ತರ ಹೇಳೋಕೆ ಹೋದ್ರೆ ನಗೋರಿಗೂ ತಡವರಿಸುತ್ತೆ.

ಒಂದು ದೇಶದಲ್ಲಿ ನಿಜವಾಗ್ಲೂ ಎಲ್ಲರೂ ಕೋಟ್ಯಧೀಶರಾಗಿದ್ದರು. ಆಮೇಲೆ ಏನಾಯ್ತು ಅನ್ನೋದೇ ಈ ಸರಣಿ.

ಶುರು ಮಾಡೋ ಮುಂಚೆ ಲೆಕ್ಕದ ಒಂದು ಮಾತು. ಇಂಗ್ಲಿಷಿನ ಬಿಲಿಯನ್ನೇ ಬೇರೆ, ಜರ್ಮನ್ನರ ಬಿಲಿಯನ್ನೇ ಬೇರೆ. ಆ ಗೊಂದಲ ನಮಗೆ ಬೇಡ. ಲಕ್ಷ, ಕೋಟಿ, ಲಕ್ಷ ಕೋಟಿ ಅಂತಲೇ ಹೋಗೋಣ. ಬಜೆಟ್ ಸುದ್ದಿ ಕೇಳಿ ಕೇಳಿ ಲಕ್ಷ ಕೋಟಿ ನಮಗೆ ರೂಢಿಯಾಗಿದೆ. ಒಂದರ ಮುಂದೆ ಹನ್ನೆರಡು ಸೊನ್ನೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಬೇಕಾಗುತ್ತೆ.

ಪೋಸ್ಟ್ 2/7: ಗೆದ್ದ ಮೇಲೆ ತೀರಿಸೋಣ

ಕಥೆ 1923ರಲ್ಲಿ ಶುರುವಾಗಲ್ಲ. ಹೆಚ್ಚಿನ ರೀಲ್‌ಗಳು ತಪ್ಪೋದು ಇಲ್ಲೇ. ಅದು ಶುರುವಾಗೋದು 1914ರ ಆಗಸ್ಟ್ 4ಕ್ಕೆ.

ಅಲ್ಲಿವರೆಗೆ ಜರ್ಮನಿಯ ಮಾರ್ಕ್ ಚಿನ್ನದ ಲೆಕ್ಕದಲ್ಲಿ ನಡೀತಿತ್ತು. ಬ್ಯಾಂಕಿಗೆ ನೋಟು ಕೊಟ್ಟರೆ ಚಿನ್ನದ ನಾಣ್ಯ ಸಿಗ್ತಿತ್ತು. ಒಂದು ಅಮೆರಿಕನ್ ಡಾಲರಿಗೆ 4.2 ಮಾರ್ಕ್. ಈ 4.2 ಅನ್ನೋದನ್ನೂ ನೆನಪಿಟ್ಟುಕೊಳ್ಳಿ.

ಮೊದಲ ಮಹಾಯುದ್ಧ ಶುರುವಾದ ಕೂಡಲೇ ನೋಟಿಗೆ ಚಿನ್ನ ಕೊಡೋದನ್ನು ನಿಲ್ಲಿಸಿದರು. ಹಾಗಾದ್ರೆ ಯುದ್ಧಕ್ಕೆ ದುಡ್ಡು ಎಲ್ಲಿಂದ? ಎರಡು ದಾರಿ ಇತ್ತು: ತೆರಿಗೆ ಹಾಕೋದು, ಇಲ್ಲ ಸಾಲ ಮಾಡೋದು. ತೆರಿಗೆ ಹಾಕಿದರೆ ಜನ ಬೈತಾರೆ. ಸಾಲ ಮಾಡಿದರೆ ದೇಶಭಕ್ತಿ ಅಂತಾರೆ. ಜರ್ಮನಿ ಬಹುಪಾಲು ಸಾಲದ ದಾರಿ ಹಿಡಿಯಿತು.

ಆರು ತಿಂಗಳಿಗೊಮ್ಮೆ, ಒಟ್ಟು ಒಂಬತ್ತು ಬಾರಿ ಯುದ್ಧದ ಬಾಂಡ್ ಬಿಟ್ಟರು. ಬಡ್ಡಿ 5%. ಕೊಂಡವರು ಬರೀ ಶ್ರೀಮಂತರಲ್ಲ. ಮೇಷ್ಟ್ರುಗಳು, ಗುಮಾಸ್ತರು, ಅಂಗಡಿಯವರು, ವಿಧವೆಯರು, ಎಲ್ಲರೂ ಕೂಡಿಟ್ಟಿದ್ದನ್ನು ತಂದು ಸುರಿದರು. ಸ್ಕೂಲ್ ಮಕ್ಕಳನ್ನೂ ಬಿಡಲಿಲ್ಲ. ಮನೆಯ ಚಿನ್ನದ ನಾಣ್ಯ ತರಿಸೋದು, ಬಾಂಡಿಗೆ ಹಣ ಕೂಡಿಸೋದು ಶಾಲೆಗಳಲ್ಲೂ ನಡೀತು. ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು.

ಸರ್ಕಾರದ ಲೆಕ್ಕಾಚಾರ ಸರಳವಾಗಿತ್ತು: ಯುದ್ಧ ಗೆಲ್ತೀವಿ, ಸೋತವರ ಹತ್ತಿರ ವಸೂಲಿ ಮಾಡ್ತೀವಿ, ಜನರ ಸಾಲ ತೀರಿಸ್ತೀವಿ.

1918ರ ನವೆಂಬರಿನಲ್ಲಿ ಜರ್ಮನಿ ಸೋತಿತು. ಉಳಿದಿದ್ದು ಸುಮಾರು 15,400 ಕೋಟಿ ಮಾರ್ಕ್ ಯುದ್ಧದ ಸಾಲ. ಸಾಲ ಕೊಟ್ಟವರು ಹೊರಗಿನವರಲ್ಲ, ಹೆಚ್ಚಿನವರು ಅದೇ ದೇಶದ ಜನ. ಈ 15,400 ಕೋಟಿ ಐದನೇ ಪೋಸ್ಟ್‌ನಲ್ಲಿ ಮತ್ತೆ ಬರುತ್ತೆ.

ಪೋಸ್ಟ್ 3/7: "ಮಾರ್ಕ್ ಬೀಳ್ತಿಲ್ಲ, ಡಾಲರ್ ಏರ್ತಿದೆ"

ಸೋತವರು ದಂಡ ಕಟ್ಟಬೇಕಾಯ್ತು. 1919ರ ವರ್ಸೈ ಒಪ್ಪಂದ, ಆಮೇಲೆ 1921ರಲ್ಲಿ ಲಂಡನ್ನಿನಲ್ಲಿ ನಿಗದಿಯಾದ ಮೊತ್ತ: 13,200 ಕೋಟಿ ಚಿನ್ನದ ಮಾರ್ಕ್. ಇದನ್ನು ಜರ್ಮನಿಯ ಕಾಗದದ ಮಾರ್ಕಿನಲ್ಲಿ ತೀರಿಸೋ ಹಾಗಿರಲಿಲ್ಲ.

ಎಲ್ಲಾ ಈ ದಂಡದಿಂದಲೇ ಆಯ್ತು ಅಂತ ಜರ್ಮನ್ನರಲ್ಲಿ ಬಹಳ ಜನ ನಂಬಿದ್ದರು. ಅರ್ಧ ಸತ್ಯ ಅದು. ಇನ್ನರ್ಧ ಏನಂದ್ರೆ ಸರ್ಕಾರದ ಖರ್ಚು ತೆರಿಗೆಗಿಂತ ಎಷ್ಟೋ ಹೆಚ್ಚಿತ್ತು. ಗಾಯಗೊಂಡ ಸೈನಿಕರ ಪಿಂಚಣಿ, ಯುದ್ಧವಿಧವೆಯರ ಪಿಂಚಣಿ, ನೌಕರರ ಸಂಬಳ, ಹಳೇ ಸಾಲದ ಬಡ್ಡಿ. ಯಾವುದನ್ನು ನಿಲ್ಲಿಸಿದರೂ ಜನ ಬೀದಿಗಿಳೀತಾರೆ. ಸರ್ಕಾರ ಕಡಪತ್ರ ಬರೆದು ರೈಖ್ಸ್‌ಬ್ಯಾಂಕಿಗೆ ಕೊಡ್ತಿತ್ತು, ಬ್ಯಾಂಕ್ ನೋಟು ಪ್ರಿಂಟ್ ಮಾಡಿ ಕೊಡ್ತಿತ್ತು. ರೈಖ್ಸ್‌ಬ್ಯಾಂಕ್ ಅಂದ್ರೆ ನಮ್ಮ ಆರ್‌ಬಿಐ ಥರ ಅಂದ್ಕೊಳ್ಳಿ.

ಬೆಲೆ ಏರ್ತಿದ್ದ ಹಾಗೆ ಇನ್ನೊಂದು ಗಾಳ ಸಿಕ್ಕಿಕೊಂಡಿತು. ತೆರಿಗೆ ಲೆಕ್ಕ ಹಾಕೋದು ಇವತ್ತು, ಕಟ್ಟೋದು ತಿಂಗಳುಗಟ್ಟಲೆ ಬಿಟ್ಟು. ಕಟ್ಟೋ ಹೊತ್ತಿಗೆ ಆ ದುಡ್ಡಿಗೆ ಬೆಲೆ ಇಲ್ಲ. ಹಾಗಾಗಿ ಇನ್ನಷ್ಟು ಪ್ರಿಂಟ್. ಅದರಿಂದ ಬೆಲೆ ಇನ್ನಷ್ಟು ಏರಿಕೆ.

1922ರ ಜೂನ್ 24ಕ್ಕೆ ವಿದೇಶಾಂಗ ಸಚಿವ ವಾಲ್ಟರ್ ರಾಥೆನೌ ಅವರನ್ನು ಬರ್ಲಿನ್ನಿನ ರಸ್ತೆಯಲ್ಲೇ ಗುಂಡಿಟ್ಟು ಕೊಂದರು. ಈ ದೇಶ ಸುಧಾರಿಸುತ್ತೆ ಅನ್ನೋ ನಂಬಿಕೆ ಹೊರಗಿನವರಿಗೂ ಹೋಯ್ತು, ಒಳಗಿನವರಿಗೂ ಹೋಯ್ತು. ಮಾರ್ಕ್ ಕೈಯಲ್ಲಿದ್ದವರು ಮೊದಲು ಅದನ್ನು ಸಾಗಹಾಕೋಕೆ ನೋಡಿದರು.

1923ರ ಜನವರಿ 11ಕ್ಕೆ, ದಂಡದ ಕಲ್ಲಿದ್ದಲು, ಮರ ಸರಿಯಾಗಿ ಬರಲಿಲ್ಲ ಅಂತ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ರೂರ್ ಪ್ರದೇಶಕ್ಕೆ ನುಗ್ಗಿತು. ಜರ್ಮನಿಯ ಕಲ್ಲಿದ್ದಲು, ಉಕ್ಕು ಎಲ್ಲ ಇದ್ದಿದ್ದು ಅಲ್ಲೇ. ಜರ್ಮನ್ ಸರ್ಕಾರ ಕೆಲಸಗಾರರಿಗೆ ಹೇಳಿತು: ಅವರಿಗಾಗಿ ಕೆಲಸ ಮಾಡಬೇಡಿ, ಮನೆಯಲ್ಲಿರಿ, ಸಂಬಳ ನಾವು ಕೊಡ್ತೀವಿ. ಅಸಹಕಾರ ಚಳವಳಿ ಥರ. ಆದ್ರೆ ಸಂಬಳ ಕೊಡೋಕೆ ದುಡ್ಡೆಲ್ಲಿ? ಮತ್ತೆ ಪ್ರಿಂಟಿಂಗ್ ಪ್ರೆಸ್.

ಪೋಸ್ಟ್ 4/7: ಹನ್ನೊಂದು ತಿಂಗಳು

ಒಂದು ಡಾಲರಿಗೆ ಎಷ್ಟು ಮಾರ್ಕ್? 1923ರ ಒಂದೇ ವರ್ಷದ ಲೆಕ್ಕ, ಸುಮಾರಾಗಿ:

ಜನವರಿ: 18,000
ಜುಲೈ: 3.5 ಲಕ್ಷ
ಆಗಸ್ಟ್: 46 ಲಕ್ಷ
ಸೆಪ್ಟೆಂಬರ್: 9.9 ಕೋಟಿ
ಅಕ್ಟೋಬರ್: 2,500 ಕೋಟಿ
ನವೆಂಬರ್ 20: 4.2 ಲಕ್ಷ ಕೋಟಿ

ಕೊನೆಯ ತಿಂಗಳುಗಳಲ್ಲಿ ಬೆಲೆ ಹತ್ತಿರ ಹತ್ತಿರ ನಾಲ್ಕು ದಿನಕ್ಕೊಮ್ಮೆ ಎರಡು ಪಟ್ಟಾಗ್ತಿತ್ತು. ವರ್ಷದ ಶುರುವಿನಲ್ಲಿ ಬರ್ಲಿನ್ನಿನಲ್ಲಿ 250 ಮಾರ್ಕಿಗೆ ಸಿಗ್ತಿದ್ದ ಬ್ರೆಡ್ಡಿಗೆ ನವೆಂಬರಿನಲ್ಲಿ ಸುಮಾರು 20,000 ಕೋಟಿ ಮಾರ್ಕ್.

ಸಂಬಳ ತಿಂಗಳಿಗೊಮ್ಮೆ ಹೋಗಿ ವಾರಕ್ಕೊಮ್ಮೆ ಆಯ್ತು, ವಾರ ಹೋಗಿ ದಿನಕ್ಕೊಮ್ಮೆ ಆಯ್ತು, ಕೆಲವು ಕಡೆ ದಿನಕ್ಕೆರಡು ಸಲ. ಹೆಂಗಸರು ಫ್ಯಾಕ್ಟರಿ ಗೇಟಿನ ಹತ್ತಿರ ಕಾಯ್ತಾ ನಿಲ್ತಿದ್ದರು. ಗಂಡ ದುಡ್ಡು ತಂದು ಕೈಗಿಟ್ಟ ಕೂಡಲೇ ಅಂಗಡಿಗೆ ಓಟ. ಸಂಜೆವರೆಗೆ ಇಟ್ಟುಕೊಂಡರೆ ಒಂದಿಷ್ಟು ಕರಗಿ ಹೋಗ್ತಿತ್ತು.

ನೋಟು ಪ್ರಿಂಟ್ ಮಾಡೋಕೆ ಸರ್ಕಾರಿ ಪ್ರೆಸ್ ಸಾಲಲಿಲ್ಲ. ನೂರಕ್ಕೂ ಹೆಚ್ಚು ಖಾಸಗಿ ಪ್ರೆಸ್‌ಗಳು ಹಗಲು ರಾತ್ರಿ ಓಡಿದವು. ಟೈಮ್ ಉಳಿಸೋಕೆ ಒಂದೇ ಬದಿ ಪ್ರಿಂಟ್ ಮಾಡಿದ ನೋಟುಗಳು ಬಂದವು. ಸ್ವೈಪ್ ಮಾಡಿದರೆ ಎರಡನೇ ಫೋಟೋದಲ್ಲಿ ಅದರ ಹಿಂಬದಿ ಇದೆ: ಖಾಲಿ ಕಾಗದ. ಆಗಸ್ಟಿನಲ್ಲಿ ಬರ್ಲಿನ್ನಿನ ಪ್ರೆಸ್ ಕೆಲಸಗಾರರೇ ಮುಷ್ಕರ ಹೂಡಿದಾಗ ಊರಲ್ಲಿ ನೋಟಿಗೇ ಬರ ಬಂತು.

ಅದೇ ಆಗಸ್ಟಿನಲ್ಲಿ ರೈಖ್ಸ್‌ಬ್ಯಾಂಕಿನ ಅಧ್ಯಕ್ಷ ರುಡಾಲ್ಫ್ ಹಾವೆನ್‌ಸ್ಟೈನ್ ಒಂದು ಮಾತು ಹೇಳಿದರು. ದೇಶದಲ್ಲಿ ಒಟ್ಟು ಓಡಾಡ್ತಿರೋ ಹಣದ ಮೂರನೇ ಎರಡು ಭಾಗದಷ್ಟನ್ನು ಇನ್ನು ಕೆಲವೇ ದಿನಗಳಲ್ಲಿ ಒಂದೇ ದಿನಕ್ಕೆ ಪ್ರಿಂಟ್ ಮಾಡಬಲ್ಲೆವು ಅಂತ. ಸಾಧನೆ ಅನ್ನೋ ಹಾಗೆ ಹೇಳಿದ್ದರು. ಅವರು ಕಳ್ಳರಲ್ಲ, ಸೋಮಾರಿಗಳೂ ಅಲ್ಲ. ಬೆಲೆ ಏರಿದೆ, ಜನರಿಗೆ ನೋಟು ಸಾಲ್ತಿಲ್ಲ, ಒದಗಿಸೋದು ನನ್ನ ಕರ್ತವ್ಯ ಅಂತ ನಂಬಿದ್ದರು. ನೋಟು ಹೆಚ್ಚಾಗಿದ್ದಕ್ಕೇ ಬೆಲೆ ಏರ್ತಿದೆ ಅನ್ನೋದನ್ನು ಒಪ್ಪಲೇ ಇಲ್ಲ.

ಊರೂರಿನ ಪುರಸಭೆ, ಫ್ಯಾಕ್ಟರಿಗಳೂ ತಮ್ಮದೇ ನೋಟು ಬಿಟ್ಟವು. ಹೆಸರು 'ನೋಟ್‌ಗೆಲ್ಡ್'. ಇಲ್ಲಿ ನೋಟ್ ಅಂದ್ರೆ ನಮ್ಮ ನೋಟಲ್ಲ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಕಷ್ಟ, ತುರ್ತು ಅನ್ನೋ ಅರ್ಥ. ಬೀಲೆಫೆಲ್ಡ್ ಊರಿನದು ರೇಷ್ಮೆ ಬಟ್ಟೆಯ ಮೇಲೂ ಇತ್ತು! ಡಿಸೈನ್ ಓದ್ತಿರೋರಿಗೆ ಇನ್ನೊಂದು: ಮೂರನೇ ಫೋಟೋದಲ್ಲಿರೋ, ಬರೀ ದಪ್ಪ ಅಕ್ಷರಗಳ ತುರಿಂಗಿಯಾ ನೋಟನ್ನು ಡಿಸೈನ್ ಮಾಡಿದ್ದು ಹರ್ಬರ್ಟ್ ಬೇಯರ್. ಆಗ ಅವರಿನ್ನೂ ಬೌಹೌಸ್ ಶಾಲೆಯ ವಿದ್ಯಾರ್ಥಿ.

ಪೋಸ್ಟ್ 5/7: ಸಾಲ ತೀರಿತು

ಮಕ್ಕಳು ನೋಟಿನ ಕಟ್ಟುಗಳನ್ನು ಇಟ್ಟಿಗೆ ಥರ ಜೋಡಿಸಿ ಆಡ್ತಿರೋದು, ಹೆಂಗಸೊಬ್ಬಳು ನೋಟು ಹಾಕಿ ಒಲೆ ಉರಿಸ್ತಿರೋದು, ಈ ಫೋಟೋಗಳನ್ನು ಎಲ್ಲರೂ ನೋಡಿರ್ತೀರಿ. ನೋಡಿ ನಕ್ಕಿರ್ತೀರಿ. ನಾನೂ ನಕ್ಕಿದ್ದೆ. ಆ ಫೋಟೋಗಳಲ್ಲಿ ಕಾಣದೇ ಇರೋದೇ ಈ ಸರಣಿಯ ಮುಖ್ಯ ವಿಷಯ.

ಒಬ್ಬ ಮೇಷ್ಟ್ರು ಅಂದ್ಕೊಳ್ಳಿ. 1915ರಲ್ಲಿ ಸಾವಿರ ಮಾರ್ಕಿನ ಯುದ್ಧದ ಬಾಂಡ್ ಕೊಂಡರು. ಆಗ ಸಾವಿರ ಮಾರ್ಕ್ ಅಂದ್ರೆ ಎಷ್ಟೋ ತಿಂಗಳುಗಳ ಉಳಿತಾಯ. ವಯಸ್ಸಾದ ಮೇಲೆ ಇರಲಿ ಅಂತ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು. 1923ರ ನವೆಂಬರಿನಲ್ಲಿ ಆ ಬಾಂಡ್ ಹಿಡಿದು ನಿಂತರೆ ಅದರ ಬೆಲೆ ಈಗಲೂ ಸಾವಿರ ಮಾರ್ಕೇ. ಒಂದು ಪೈಸೆ ಕಮ್ಮಿ ಇಲ್ಲ. ಆ ಸಾವಿರ ಮಾರ್ಕಿಗೆ ಬರೋದು ಎಷ್ಟು? ಒಂದು ಬ್ರೆಡ್ಡನ್ನು ಇಪ್ಪತ್ತು ಕೋಟಿ ಚೂರು ಮಾಡಿ. ಅದರಲ್ಲಿ ಒಂದು ಚೂರು.

ಈಗ ಆ 15,400 ಕೋಟಿ ತೆಗೆಯಿರಿ. ಇಡೀ ಯುದ್ಧದ ಸಾಲ. ಬ್ರೆಡ್ಡಿನ ಬೆಲೆ ಸುಮಾರು 20,000 ಕೋಟಿ. ಅಂದ್ರೆ ಇಡೀ ಯುದ್ಧಕ್ಕೆ ಕೊಟ್ಟ ಸಾಲವನ್ನೆಲ್ಲ ಒಟ್ಟು ಮಾಡಿದರೂ ಒಂದೇ ಒಂದು ಬ್ರೆಡ್ಡಿಗೆ ಸಾಲದು.

ಇದನ್ನು ಓದಿದ ದಿನ ನನಗೆ ನಗು ನಿಂತುಹೋಯ್ತು.

ಸರ್ಕಾರ ಸಾಲ ಕೊಡಲ್ಲ ಅಂತ ಹೇಳಲಿಲ್ಲ. ಯಾರ ಮನೆಗೂ ಪೊಲೀಸರನ್ನು ಕಳಿಸಿ ಕಿತ್ತುಕೊಳ್ಳಲಿಲ್ಲ. ಮಾತು ಮಾತಿನ ಪ್ರಕಾರವೇ ಉಳೀತು, ಮಾತಿನ ಬೆಲೆ ಹೋಯ್ತು.

ಹಾಗಂತ ಎಲ್ಲರೂ ಸೋಲಲಿಲ್ಲ. ಸಾಲ ಕೊಟ್ಟವರು ಮುಳುಗಿದರು, ಸಾಲ ಮಾಡಿದವರು ತೇಲಿದರು. ಜಮೀನು ಅಡವಿಟ್ಟಿದ್ದವರ ಸಾಲ ತೊಳೆದುಹೋಯ್ತು. ಸಾಲ ತಗೊಂಡು ಗಣಿ, ಫ್ಯಾಕ್ಟರಿ, ಹಡಗು ಕೊಂಡು ಕಂತನ್ನು ಕಾಗದದಲ್ಲಿ ಕಟ್ಟಿದ ಹ್ಯೂಗೊ ಸ್ಟಿನ್ನೆಸ್ ಅವರಂಥ ಉದ್ಯಮಿಗಳ ಸಾಮ್ರಾಜ್ಯ ಬೆಳೀತು. ರೈತರು ಕಾಗದಕ್ಕೆ ಆಲೂಗಡ್ಡೆ ಕೊಡಲ್ಲ ಅಂದರು. ಪಟ್ಟಣದವರು ಗಡಿಯಾರ, ಬಟ್ಟೆ, ಒಡವೆ ಹೊತ್ತುಕೊಂಡು ಹಳ್ಳಿಗೆ ಹೋದರು. ಪಿಂಚಣಿಯವರು, ಬ್ಯಾಂಕಿನ ಬಡ್ಡಿ ನಂಬಿದ್ದ ವಯಸ್ಸಾದವರು, ದತ್ತಿ ಹಣದಲ್ಲಿ ನಡೀತಿದ್ದ ಸಂಸ್ಥೆಗಳು, ಇವರ ಹತ್ತಿರ ಕೊಡೋಕೂ ಏನೂ ಉಳಿದಿರಲಿಲ್ಲ.

ನೋಟಿನಲ್ಲಿ ಹೆಚ್ಚಾದ ಒಂದೊಂದು ಸೊನ್ನೆಯೂ ಯಾರದೋ ಉಳಿತಾಯದಿಂದ ಅಳಿಸಿದ ಸೊನ್ನೆ.

ಪೋಸ್ಟ್ 6/7: ಹನ್ನೆರಡು ಸೊನ್ನೆ ಹೊಡೆದು ಹಾಕಿದ ದಿನ

ಹಾಗಾದ್ರೆ ನಿಂತಿದ್ದು ಹೇಗೆ?

ಆಗಸ್ಟಿನಲ್ಲಿ ಚಾನ್ಸಲರ್ ಆದ ಗುಸ್ತಾವ್ ಸ್ಟ್ರೆಸೆಮಾನ್ ಸೆಪ್ಟೆಂಬರ್ 26ಕ್ಕೆ ರೂರ್ ಅಸಹಕಾರ ನಿಲ್ಲಿಸಿದರು. ತುಂಬಾ ಜನ ಅವರನ್ನು ದ್ರೋಹಿ ಅಂದರು. ಆದ್ರೆ ಅದು ನಿಲ್ಲದೆ ಖರ್ಚು ನಿಲ್ತಿರಲಿಲ್ಲ.

ನವೆಂಬರ್ 15ಕ್ಕೆ ಹೊಸ ನೋಟು ಬಂತು: ರೆಂಟೆನ್‌ಮಾರ್ಕ್. ಅದರ ಹಿಂದೆ ಚಿನ್ನ ಇರಲಿಲ್ಲ. ದೇಶದ ಕೃಷಿ ಜಮೀನು ಮತ್ತು ಉದ್ಯಮಗಳ ಮೇಲೆ ಕಾಗದದಲ್ಲೇ ಒಂದು ಅಡಮಾನ ಬರೆದು ಅದೇ ಆಧಾರ ಅಂದರು. ನೋಟು ಹಿಡ್ಕೊಂಡು ಹೋದ್ರೆ ಯಾರೂ ನಿಮಗೆ ಜಮೀನು ಬಿಟ್ಟುಕೊಡ್ತಿರಲಿಲ್ಲ. ಹಾಗಿದ್ದೂ ಜನ ನಂಬಿದರು. ಯಾಕೆ?

ಯಾಕಂದ್ರೆ ಒಂದು ಮಿತಿ ಇತ್ತು. ಎಷ್ಟು ನೋಟು ಬಿಡಬಹುದು, ಸರ್ಕಾರಕ್ಕೆ ಎಷ್ಟು ಸಾಲ ಕೊಡಬಹುದು ಅಂತ ಮೊದಲೇ ಗೆರೆ ಎಳೆದಿದ್ದರು. ಅವತ್ತಿನಿಂದಲೇ ರೈಖ್ಸ್‌ಬ್ಯಾಂಕ್ ಸರ್ಕಾರದ ಕಡಪತ್ರಕ್ಕೆ ನೋಟು ಕೊಡೋದನ್ನು ನಿಲ್ಲಿಸಿತು. ಡಿಸೆಂಬರಿನಲ್ಲಿ ಸರ್ಕಾರ ಇನ್ನೊಂದಿಷ್ಟು ಕೇಳಿತು. ಆಗಲ್ಲ ಅನ್ನೋ ಉತ್ತರ ಬಂತು. ಜನ ಕಾಯ್ತಿದ್ದಿದ್ದು ಆ 'ಆಗಲ್ಲ'ಕ್ಕೆ.

ಇದನ್ನು ನಡೆಸಿದವರು ಹಣಕಾಸು ಸಚಿವ ಹಾನ್ಸ್ ಲೂಥರ್ ಮತ್ತು ಕರೆನ್ಸಿ ಕಮಿಷನರ್ ಯಾಲ್ಮಾರ್ ಶಾಖ್ಟ್. ನವೆಂಬರ್ 20ಕ್ಕೆ ಡಾಲರ್ 4.2 ಲಕ್ಷ ಕೋಟಿ ಮಾರ್ಕಿನಲ್ಲಿ ನಿಂತಿತು. ಒಂದು ರೆಂಟೆನ್‌ಮಾರ್ಕಿಗೆ ಒಂದು ಲಕ್ಷ ಕೋಟಿ ಹಳೇ ಮಾರ್ಕ್. ಹನ್ನೆರಡು ಸೊನ್ನೆ ಹೊಡೆದು ಹಾಕಿದರೆ ಉಳಿಯೋದು 4.2. ಯುದ್ಧಕ್ಕೆ ಮುಂಚಿನ ಅದೇ 4.2! ಹಾವೆನ್‌ಸ್ಟೈನ್ ತೀರಿಕೊಂಡಿದ್ದೂ ಅದೇ ನವೆಂಬರ್ 20ಕ್ಕೆ.

ಇದಕ್ಕೂ ಬೆಲೆ ತೆರಬೇಕಾಯ್ತು. ಖರ್ಚು ಇಳಿಸೋಕೆ ಮೂರು ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರು ಕೆಲಸ ಕಳ್ಕೊಂಡರು. ತೆರಿಗೆ ಏರಿತು. ಒಂಬತ್ತು ವರ್ಷ ಮುಂದೂಡಿದ್ದ ಕಹಿ ಔಷಧ ಕೊನೆಗೂ ಕುಡಿಯಬೇಕಾಯ್ತು.

ಇವತ್ತಿನ ಮುಖ್ಯ ಫೋಟೋ ಜರ್ಮನಿ ಬಿಟ್ಟ ಅತಿ ದೊಡ್ಡ ನೋಟಿನದ್ದು. ಡ್ಯೂರರ್ ಬರೆದ ಚಿತ್ರದಿಂದ ತೆಗೆದ ಮುಖ, ತಾರೀಖು 15 ಫೆಬ್ರವರಿ 1924. ಬೆಲೆ ನೂರು ಲಕ್ಷ ಕೋಟಿ. ಅಂದ್ರೆ ಕೋಟಿಯನ್ನು ಕೋಟಿಯಿಂದ ಗುಣಿಸಿದರೆ ಎಷ್ಟೋ ಅಷ್ಟು. ನಾವು ಮಾತಿಗೆ "ಕೋಟಿ ಕೋಟಿ ದುಡ್ಡು" ಅಂತೀವಲ್ಲ, ಇದು ಅಕ್ಷರಶಃ ಕೋಟಿ ಕೋಟಿಯ ನೋಟು. ಅದು ಬಂದಾಗ ಬೆಲೆಗಳು ಆಗಲೇ ನಿಂತಿದ್ದವು. ಅದರ ಬೆಲೆ ನೂರು ರೆಂಟೆನ್‌ಮಾರ್ಕ್, ಸುಮಾರು 24 ಡಾಲರ್.

ಪೋಸ್ಟ್ 7/7: ಉಳಿದಿದ್ದು

"ಆ ನೋಟಿನಿಂದಲೇ ಹಿಟ್ಲರ್ ಬಂದ" ಅಂತ ಒಂದೇ ಸಾಲಿನಲ್ಲಿ ಮುಗಿಸೋ ರೀಲ್‌ಗಳಿವೆ. ಅಷ್ಟು ಸರಳ ಅಲ್ಲ. 1923ರ ನವೆಂಬರ್ 8-9ರಂದು ಹಿಟ್ಲರ್ ಮ್ಯೂನಿಕ್‌ನಲ್ಲಿ ದಂಗೆ ಎದ್ದಿದ್ದು ನಿಜ, ಆದ್ರೆ ಅದು ಸೋತು ಅವನು ಜೈಲಿಗೆ ಹೋದ. ಅಧಿಕಾರಕ್ಕೆ ಬಂದಿದ್ದು 1933ರಲ್ಲಿ. ಆಗ ಇದ್ದಿದ್ದು ಬೆಲೆ ಏರಿಕೆ ಅಲ್ಲ, ಬೆಲೆ ಕುಸಿತ. ಅದರ ಜೊತೆಗೆ ಸುಮಾರು ಅರವತ್ತು ಲಕ್ಷ ನಿರುದ್ಯೋಗಿಗಳು. ಎರಡರ ನಡುವೆ ಹತ್ತು ವರ್ಷ ಇದೆ.

ಆದ್ರೆ ನಂಟೇ ಇಲ್ಲ ಅನ್ನೋಕೂ ಆಗಲ್ಲ. ಕಳ್ಕೊಂಡವರು ಕೋರ್ಟಿಗೆ ಹೋದರು, ಸಂಘ ಕಟ್ಟಿದರು, ಪಾರ್ಟಿ ಕಟ್ಟಿದರು. 1925ರ ಕಾನೂನು ಮನೆ, ಜಮೀನಿನ ಅಡಮಾನ ಸಾಲ ಕೊಟ್ಟವರಿಗೆ ಹಳೇ ಬೆಲೆಯ 25% ವಾಪಸ್ ಸಿಗುತ್ತೆ ಅಂತು, ಅದೂ ವರ್ಷಗಟ್ಟಲೆ ಕಾದ ಮೇಲೆ. ಸರ್ಕಾರಿ ಬಾಂಡಿಗೆ ಹೆಚ್ಚಿನವರಿಗೆ ಸಿಕ್ಕಿದ್ದು 2.5%. ದೇಶ ಕರೆದಾಗ ಕೊಟ್ಟವರಿಗೆ ಅಡಮಾನ ಸಾಲ ಕೊಟ್ಟವರಿಗಿಂತ ಎಷ್ಟೋ ಕಮ್ಮಿ. ಹೀಗೆ ನಂಬಿಕೆ ಕಳ್ಕೊಂಡವರು ಮುಂದೆ ಯಾರ ಮಾತನ್ನಾದರೂ ಕೇಳೋಕೆ ತಯಾರಿದ್ದರು.

ಇದು ಜರ್ಮನಿಯದಷ್ಟೇ ಕಥೆಯೂ ಅಲ್ಲ. ಹಂಗೇರಿಯಲ್ಲಿ 1946ರ ಜುಲೈನಲ್ಲಿ ಬೆಲೆ ಸುಮಾರು ಹದಿನೈದು ಗಂಟೆಗೊಮ್ಮೆ ಎರಡು ಪಟ್ಟಾಗ್ತಿತ್ತು. ಆಗಸ್ಟ್ 1ಕ್ಕೆ ಹೊಸ ಫೋರಿಂಟ್ ಬಂದಾಗ ಬೀದಿ ಗುಡಿಸುವವರು ಹಳೇ ನೋಟನ್ನು ಕಸದ ಥರ ಗುಡಿಸಿದರು. ಜಿಂಬಾಬ್ವೆ 2009ರ ಜನವರಿಯಲ್ಲಿ ಬಿಟ್ಟ ನೋಟೂ ಸರಿಯಾಗಿ ಕೋಟಿ ಕೋಟಿಯದ್ದೇ, ಅದೇ ಹದಿನಾಲ್ಕು ಸೊನ್ನೆ. 2015ರಲ್ಲಿ ಅಲ್ಲಿನ ಹಳೇ ಬ್ಯಾಂಕ್ ಖಾತೆಗಳನ್ನು ಮುಚ್ಚಿದಾಗ ಸಣ್ಣ ಖಾತೆದಾರರಿಗೆ ಸಿಕ್ಕಿದ್ದು ತಲಾ 5 ಡಾಲರ್.

ಈಗ ಕ್ಲಾಸಿನ ಪ್ರಶ್ನೆಗೆ ಬರೋಣ. ಸಂತೆಯಲ್ಲಿ ನೂರು ಕೆಜಿ ಟೊಮೆಟೊ ಇದೆ. ಎಲ್ಲರ ಜೇಬಲ್ಲೂ ದುಡ್ಡು ಎರಡು ಪಟ್ಟಾದರೆ ಟೊಮೆಟೊ ಇನ್ನೂರು ಕೆಜಿ ಆಗಲ್ಲ, ರೇಟು ಎರಡು ಪಟ್ಟಾಗುತ್ತೆ. ಇಷ್ಟು ಎಲ್ಲರೂ ಹೇಳ್ತಾರೆ. ಇದರ ಮುಂದಿನ ಮಾತೇ ಮುಖ್ಯ: ಮೊದಲು ದುಡ್ಡು ಸಿಕ್ಕವರು ಹಳೇ ರೇಟಿಗೆ ಕೊಂಡಿರ್ತಾರೆ. ಕೊನೆಗೆ ಸಿಕ್ಕವರು, ಕೂಡಿಟ್ಟವರು, ಹೊಸ ರೇಟು ಕಟ್ತಾರೆ. ಎಲ್ಲರಿಗೂ ಹಂಚಿದ ಹಾಗೆ ಕಾಣುತ್ತೆ, ಆದ್ರೆ ಒಬ್ಬರ ಜೇಬಿಂದ ತೆಗೆದು ಇನ್ನೊಬ್ಬರ ಜೇಬಿಗೆ ಹಾಕಿರ್ತಾರೆ.

ನಿಮ್ಮ ಪರ್ಸಿನಲ್ಲಿರೋ ನೋಟು ತೆಗೆದು ನೋಡಿ. ಧಾರಕನಿಗೆ ಇಷ್ಟು ರೂಪಾಯಿ ಕೊಡ್ತೀನಿ ಅಂತ ಆರ್‌ಬಿಐ ಗವರ್ನರ್ ಸಹಿ ಹಾಕಿದ ಮಾತಿದೆ. ಹಿಂದೆ ತಿರುಗಿಸಿದರೆ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯದು ನಮ್ಮ ಕನ್ನಡ. ಮೊದಲ ಫೋಟೋದ ಸಾವಿರ ಮಾರ್ಕಿನ ನೋಟಿನಲ್ಲೂ ಅಂಥದ್ದೇ ಮಾತಿತ್ತು: ಇದನ್ನು ತಂದವರಿಗೆ ಬರ್ಲಿನ್ನಿನ ರೈಖ್ಸ್‌ಬ್ಯಾಂಕ್ ಇಷ್ಟು ಕೊಡುತ್ತೆ ಅಂತ.

ನೋಟು ಅಂದ್ರೆ ಅಷ್ಟೇ, ಒಂದು ಮಾತು. ಅದನ್ನು ಉಳಿಸೋದು ಚಿನ್ನವೂ ಅಲ್ಲ, ಜಮೀನೂ ಅಲ್ಲ. ಪ್ರೆಸ್ ಕೈಯಲ್ಲಿದ್ದವರು 'ಆಗಲ್ಲ' ಅನ್ನೋದನ್ನು ಕಲಿತಿರಬೇಕು, ನಾವು ಅದನ್ನು ಕೇಳ್ತಾ ಇರಬೇಕು.

ಇನ್ನು ಮುಂದೆ ಕ್ಲಾಸಿನಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿದರೆ ನಗಬೇಡಿ. ಈ ಸರಣಿ ಕಳಿಸಿ. ಮುಂದಿನ ಸರಣಿ ಹಂಗೇರಿ ಬಗ್ಗೆ ಮಾಡ್ಲಾ? ಕಾಮೆಂಟಲ್ಲಿ ಹೇಳಿ.

#ಕನ್ನಡದಲ್ಲಿಇತಿಹಾಸ #ನೋಟಿನಕಥೆ #ಜರ್ಮನಿ1923